ಮಿನಾಗಿ ಕಂಪನಿಯ ಮೊದಲ ಗೊಂಬೆ

ಬಾಗಿಲಲ್ಲಿ ನಿಂತ ಹುಡುಗಿ ಎರಡೂ ಕೈಯಿಂದ ಚಾಚಿದ ಕಾಗದದ ಚೀಲವನ್ನು ಕಿನುಯೆ ಎರಡೂ ಕೈಯಿಂದಲೇ ತೆಗೆದುಕೊಂಡಳು. ತೆಗೆದುಕೊಂಡದ್ದೇ ಮಣಿಕಟ್ಟು ಕೆಳಕ್ಕೆ ಜಗ್ಗಿತು. ಇಷ್ಟು ಚಿಕ್ಕ ಚೀಲ ಇಷ್ಟು ಭಾರ ಇರಬೇಕಾದರೆ ಒಳಗಿರುವುದು ಯೋಕಾನ್. ಕೆಂಪು ಕಾಳನ್ನು ಅರೆದು, ಸಕ್ಕರೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಸಿಹಿ. ಒಂದೊಂದು ಅಚ್ಚೂ ಇಟ್ಟಿಗೆಯ ಹಾಗೆ.

ಕಿನುಯೆಯ ಮನಸ್ಸು ಅಲ್ಲೇ ಎಚ್ಚರವಾಯಿತು. ಕೃತಜ್ಞತೆ ಹೇಳಲು ಬರುವವರು ಬಿಸ್ಕತ್ತು ತರುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಬಂದವರು ಟವೆಲ್ ತರುತ್ತಾರೆ. ಯೋಕಾನ್ ತರುವವರು ತಪ್ಪು ಮಾಡಿ ತಲೆ ಬಾಗಿಸಲು ಬಂದವರು. ತಪ್ಪು ಎಷ್ಟು ದೊಡ್ಡದೋ ಸಿಹಿಯ ತೂಕ ಅಷ್ಟು. ಹಿಂದಿನ ಬೀದಿಯ ರಬ್ಬರ್ ಕಾರ್ಖಾನೆಯ ನೀರಿನ ತೊಟ್ಟಿ ಒಡೆದು ಮೂರು ಮನೆಗಳ ನೆಲದ ಚಾಪೆ ಕೊಳೆತುಹೋದಾಗ ಅಲ್ಲಿನ ಮ್ಯಾನೇಜರು ತಂದದ್ದು ಇದನ್ನೇ.

"ಮಿನಾಗಿ ಕಂಪನಿಯಿಂದ ಬಂದಿದೀನಿ. ತೊಕಿತಾ ಅಂತ. ಒಗಿಹಾರಾ ಮಸುಜೊ ಸಾನ್ ಮನೇಲಿದಾರಾ?"

"ಇಲ್ಲ. ಬುಧವಾರ ಗೋ ಮಣೆಯಾಟಕ್ಕೆ ಸಮುದಾಯ ಭವನಕ್ಕೆ ಹೋಗ್ತಾರೆ. ಮನೆ ಇದೆ ಅಂತ ನೆನಪಾಗೋದು ಹಸಿವಾದ ಮೇಲೆ."

ಹುಡುಗಿ ನಕ್ಕಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಬಿಟ್ಟ ಷೂಗಳನ್ನು ಬಗ್ಗಿ ಬಾಗಿಲ ಕಡೆ ಮುಖ ಮಾಡಿ ಜೋಡಿಸಿದಳು. ಮನೆಯಲ್ಲಿ ಕಲಿಸಿದ ನಡತೆಯೋ ಕಂಪನಿಯಲ್ಲಿ ತಿದ್ದಿದ ನಡತೆಯೋ ಎಂದು ಕಿನುಯೆ ಅಂದಾಜು ಮಾಡುತ್ತಲೇ ಅವಳನ್ನು ರಜಾಯಿ ಹೊದಿಸಿದ ಬಿಸಿಮೇಜಿನ ಬಳಿ ಕೂರಿಸಿ ಚಹಾ ಇಟ್ಟಳು. ಯಾವ ತಪ್ಪು? ಪಿಂಚಣಿಯದೇ? ಗಂಡ ನಿವೃತ್ತನಾಗಿ ಹದಿನೆಂಟು ವರ್ಷವಾಯಿತು. ಇಷ್ಟು ದಿನ ಬಿಟ್ಟು ಇವತ್ತು ಯಾಕೆ?

"ಕಂಪನಿಗೆ ಅರವತ್ತು ವರ್ಷ ತುಂಬ್ತು, ಒಕುಸಾನ್," ಎಂದಳು ತೊಕಿತಾ. ಮನೆಯೊಡತಿಗೆ ಹೆಸರು ಬೇಕಾಗುವುದಿಲ್ಲ, ಆ ಒಂದು ಮಾತು ಸಾಕು. "ಚರಿತ್ರೆ ಪುಸ್ತಕ ತರ್ತಿದೀವಿ. ಅಂಗಡಿ ಮಾಳಿಗೆ ಮೇಲೆ ಮಕ್ಕಳಾಟದ ಕುದುರೆ, ಆನೆ ಬಾಡಿಗೆಗೆ ಇಟ್ಟ ಕಾಲದಿಂದ ಇಲ್ಲೀವರೆಗೆ. ನಿಮ್ಮ ಯಜಮಾನರಿಗೆ ಎರಡು ಪುಟ ಇದೆ."

"ಎರಡು ಪುಟಾನಾ? ಅಷ್ಟೊಂದು ಏನ್ ಮಾಡಿದಾರೆ ಅವರು?"

ಹುಡುಗಿ ಇದನ್ನು ವಿನಯ ಅಂದುಕೊಂಡು ಮತ್ತೆ ನಕ್ಕಳು. "ಮೊದಲ ಗೊಂಬೆ ಬಗ್ಗೆ ಕೇಳಬೇಕಿತ್ತು. ಆ ನೀರುನಾಯಿ ಮರಿ."

"ಅದನ್ನ ನನ್ನ ಕೇಳಬಹುದಲ್ಲ."

"ಖಂಡಿತ, ಮನೆಯವರ ನೆನಪೂ ಬೇಕು. ಆದ್ರೆ ಮೊದಲು ಅವರನ್ನೇ ಕಂಡು ಬಾ ಅಂತ ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದಾರೆ. ನಾಳೆ ಗುರುವಾರ ಬರ್ಲಾ?"

ಚಹಾ ಪೂರ್ತಿ ಕುಡಿದು, ಬಟ್ಟಲಿನ ಅಂಚಿಗೆ ತಾಗಿದ ತುಟಿಬಣ್ಣವನ್ನು ಬೆರಳಿನಿಂದ ಒರೆಸಿ, ಹುಡುಗಿ ಹೊರಟಳು. ಕಿನುಯೆ ಚೀಲವನ್ನು ಬಿಚ್ಚಲಿಲ್ಲ. ಪಕ್ಕದ ಮನೆಯ ಶಿಗೆನೊಳನ್ನು ಕರೆದು ತೋರಿಸಿದಳು.

ಶಿಗೆನೊಗೆ ಎಂಬತ್ತೊಂದು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಕಿಟಕಿಯ ಬೆಳಕಿನಲ್ಲಿ ಗೊಂಬೆ ಹೊಲಿದವರು. ಅವಳು ಚೀಲವನ್ನು ಎತ್ತಿ, ತೂಗಿ, ಇಳಿಸಿದಳು.

"ಮೂರು ಅಚ್ಚು. ದೊಡ್ಡ ತಪ್ಪೇ ಮಾಡಿದಾರೆ, ಕಿನು ಚಾನ್."

"ಏನಿರಬಹುದು?"

"ಇನ್ನೇನು. ನೀನು ಮಾಡಿದ ಗೊಂಬೆನ ಕಂಪನೀನೇ ಮಾಡ್ತು ಅಂತ ಬರ್ಕೊಂಡಿರ್ತಾರೆ. ನುಂಗೋಕೆ ಮುಂಚೆ ಬಾಯಿ ಸಿಹಿ ಮಾಡೋಕೆ ಬಂದಿದಾರೆ. ಯಾವ ಕಾಗದಕ್ಕೂ ಕೈ ಹಾಕ್ಬೇಡ, ನೋಡ್ಕೋ."

"ಹಾಗಿದ್ರೆ ಇದನ್ನ ವಾಪಸ್ ಕಳಿಸ್ಲಾ?"

"ಅಯ್ಯೋ, ಸಿಹಿ ಏನ್ ಮಾಡಿತು ಪಾಪ. ತಿನ್ನು, ಒಪ್ಪಬೇಡ."

ಕಿನುಯೆ ಒಗಿಹಾರಾ ಮನೆತನಕ್ಕೆ ಬಂದವಳು, ಅದಕ್ಕೂ ಮೊದಲು ಅಕಿತಾ ಸೀಮೆಯ ಭತ್ತದೂರಿನಿಂದ ಬಂದವಳು. ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಒಂದೇ ರೈಲಿನಲ್ಲಿ ತುಂಬಿ ಟೋಕಿಯೊ ಕಾರ್ಖಾನೆಗಳಿಗೆ ಹಂಚುತ್ತಿದ್ದ ಕಾಲ. ಹದಿನೈದು ವರ್ಷದ ಅವಳನ್ನು ಹಂಚಿದ್ದು ಈ ಯೊತ್ಸುಗಿ ಬಡಾವಣೆಯ ಗೊಂಬೆ ಕಾರ್ಖಾನೆಗೆ. ಅಲ್ಲಿ ಒಂಬತ್ತು ವರ್ಷ ಗೊಂಬೆಗಳ ಬಟ್ಟೆ ಕತ್ತರಿಸಿದಳು, ಒಳಗು ಹೊರಗು ತಿರುಗಿಸಿದಳು, ಊಟದ ಕಡ್ಡಿಯ ಹಿಂತುದಿಯಿಂದ ಹತ್ತಿ ತುಂಬಿದಳು. ಮದುವೆಯಾದೊಡನೆ ಬಿಡಬೇಕು ಎಂಬುದು ನಿಯಮ, ಬಿಟ್ಟಳು. ಮಸುಜೊ ಮಿನಾಗಿ ಕಂಪನಿಯ ಮೆಕ್ಯಾನಿಕ್. ಕಂಪನಿ ಎಂದರೆ ಆಗ ನದಿಯ ಪಕ್ಕದ ತಗಡಿನ ಷೆಡ್ಡು, ಎಂಟು ಗಂಡಸರು. ದೊಡ್ಡ ಅಂಗಡಿಗಳ ಮಾಳಿಗೆಯ ಮೇಲೆ ಮಕ್ಕಳು ಕೂತು ಆಡುವ ಯಂತ್ರದ ಕುದುರೆಗಳನ್ನು ಬಾಡಿಗೆಗೆ ಇಟ್ಟು, ಕೆಟ್ಟರೆ ರಿಪೇರಿ ಮಾಡುತ್ತಿದ್ದರು. ಎಂಟೂ ಜನರಿಗೆ ಮಾಲೀಕನ ಹೆಂಡತಿ ಮಧ್ಯಾಹ್ನದ ಅನ್ನ ಬೇಯಿಸುತ್ತಿದ್ದಳು. ಎಂಟೂ ಜನರ ಎಣ್ಣೆ ಕುಡಿದ ಕೆಲಸದ ಬಟ್ಟೆಯನ್ನು ಅವರವರ ಹೆಂಡಿರು ಒಗೆಯುತ್ತಿದ್ದರು. ಎಣ್ಣೆಯ ಬಟ್ಟೆಗೆ ಪ್ರತ್ಯೇಕ ಬಕೆಟ್, ಪ್ರತ್ಯೇಕ ಹಗ್ಗ, ಮಗುವಿನ ಬಟ್ಟೆಗೆ ತಾಗದಷ್ಟು ದೂರ.

ಮುಂದೆ ಊರಿಗೆಲ್ಲ ಪರದೆಯ ಮೇಲೆ ಆಡುವ ವಿಡಿಯೋ ಆಟದ ಹುಚ್ಚು ಹಿಡಿಯಿತು. ಮಾಳಿಗೆಯ ಕುದುರೆಗಳು ತುಕ್ಕು ಹಿಡಿದವು. ಪರದೆ ಆಟ ಮಾಡುವಷ್ಟು ದುಡ್ಡಾಗಲಿ ಬುದ್ಧಿಯಾಗಲಿ ಮಿನಾಗಿಗೆ ಇರಲಿಲ್ಲ. ಅದು ಗಾಜಿನ ಪೆಟ್ಟಿಗೆಯೊಳಗೆ ಪಂಜ ಇಳಿಸಿ ಬಹುಮಾನ ಎತ್ತುವ ಯಂತ್ರವನ್ನು ನಂಬಿತು. ಮಿಠಾಯಿಯ ಜಾಗದಲ್ಲಿ ಗೊಂಬೆ ಹಾಕಿತು. ಪೇಟೆಯಿಂದ ತಂದ ಗೊಂಬೆಗಳ ತಲೆ ಕಲ್ಲಂಗಡಿಯಷ್ಟು ಗುಂಡಗೆ. ಪಂಜ ಮುಟ್ಟುತ್ತಿತ್ತು, ಜಾರುತ್ತಿತ್ತು. ಸ್ಪ್ರಿಂಗು ಬಿಗಿ ಮಾಡಿದರೆ ಎಲ್ಲರಿಗೂ ಗೊಂಬೆ, ಸಡಿಲಿಸಿದರೆ ಯಾರಿಗೂ ಇಲ್ಲ. ಆಡಿದವರು ಮೋಸ ಎಂದರು, ಅಂಗಡಿಯವರು ಯಂತ್ರಗಳನ್ನು ವಾಪಸ್ಸು ಮಾಡಿದರು.

ಮಸುಜೊ ಒಂದು ಪಂಜವನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂರಿಸಿದ. ಮೂರು ವಾರ ಕಿನುಯೆ ನೆಲದ ಮೇಲೆ ಕೂತು ಮೂಲಂಗಿ ಹೆಚ್ಚಿದಳು. ಅವನು ಸ್ಪ್ರಿಂಗು ಬದಲಾಯಿಸುತ್ತಿದ್ದ, ಗೊಂಬೆ ಬೀಳುತ್ತಿತ್ತು. ಒಂದು ಸಂಜೆ ಎರಡು ವರ್ಷದ ಮಗಳನ್ನು ಸ್ನಾನದ ತೊಟ್ಟಿಯಿಂದ ಎತ್ತುವಾಗ ಅವಳಿಗೆ ಅನಿಸಿತು: ಒದ್ದೆಯಾಗಿ ಜಾರುವ ಮಗುವನ್ನು ಯಾರಾದರೂ ತಲೆ ಹಿಡಿದು ಎತ್ತುತ್ತಾರೆಯೇ? ಕಂಕುಳಿಗೆ ಕೈ ಹಾಕುತ್ತಾರೆ.

"ರೀ, ಪಂಜ ಸರಿಯಿದೆ. ಗೊಂಬೆ ಸರಿಯಿಲ್ಲ. ಅದಕ್ಕೆ ಕಂಕುಳೇ ಇಲ್ಲ."

"ಅಡುಗೆ ಆಯ್ತಾ?" ಎಂದಿದ್ದ ಮಸುಜೊ.

ಮಗುವಿನ ಹಳೆಯ ಫ್ಲಾನಲ್ ಹೊದಿಕೆಯಿಂದ ಅವಳು ಒಂದು ನೀರುನಾಯಿ ಮರಿ ಕತ್ತರಿಸಿದಳು. ಸಣ್ಣ ತಲೆ, ಸಪೂರ ಕತ್ತು, ಒಂದಿಷ್ಟು ಹೊರಗೆ ಚಾಚಿದ ಗಿಡ್ಡ ತೋಳು. ಕೂತಲ್ಲಿ ಕೂರಲಿ ಎಂದು ಕುಂಡೆಯೊಳಗೆ ದಿಂಬಿನ ಹೊಟ್ಟು ತುಂಬಿದಳು. ಮೊದಲನೆಯದು ಕವುಚಿ ಬಿತ್ತು. ಐದನೆಯದರ ಕೈ ಕಿತ್ತುಬಂತು. ಹತ್ತೊಂಬತ್ತನೆಯದನ್ನು ಪಂಜ ಕಂಕುಳಲ್ಲಿ ಹಿಡಿದು ಎತ್ತಿತು. ಹತ್ತಕ್ಕೆ ಮೂರು ಸಲ ಎತ್ತಿತು, ಆಡುವವನ ಆಸೆ ಸಾಯದಷ್ಟು, ಅಂಗಡಿಯವನು ಮುಳುಗದಷ್ಟು. ಮರುದಿನ ಮಸುಜೊ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೋದ. ಬಂದು, "ಒಪ್ಪಿದ್ರು," ಎಂದ. ಅಷ್ಟೇ ಹೇಳಿದ.

ಆಮೇಲೆ ಒಂಬತ್ತು ವರ್ಷ ಈ ಓಣಿಯ ಏಳು ಹೆಂಗಸರು ಮನೆಯಲ್ಲೇ ಕೂತು ನೀರುನಾಯಿ ಹೊಲಿದರು. ಅಕ್ಕಿ ನೆನೆಹಾಕಿ ಒಂದು ಕಾಲು, ಮಕ್ಕಳನ್ನು ಶಾಲೆಗೆ ಕಳಿಸಿ ಒಂದು ಕೈ. ಆ ಗೊಂಬೆಯ ಮೇಲೆ ಮಿನಾಗಿ ಷೆಡ್ಡಿನಿಂದ ಕಾರ್ಖಾನೆಯಾಯಿತು, ಕಾರ್ಖಾನೆಯಿಂದ ಇಂಗ್ಲಿಷ್ ಅಕ್ಷರದ ಹೆಸರಿನ ಎತ್ತರದ ಕಟ್ಟಡವಾಯಿತು. ಹೊಲಿಗೆ ಕಡಲಾಚೆಗೆ ಹೋಯಿತು. ಏಳೂ ಮನೆಗೆ ಒಂದೊಂದು ಪೋಸ್ಟ್ ಕಾರ್ಡು ಬಂತು: ಇಷ್ಟು ದಿನದ ಸಹಕಾರಕ್ಕೆ ಕೃತಜ್ಞರು. ಕಿನುಯೆ ಡಬ್ಬಿಯೂಟದ ಕಾರ್ಖಾನೆಗೆ ಸೇರಿ ಅರವತ್ತಾರನೇ ವಯಸ್ಸಿನವರೆಗೆ ಬೆಂದ ಮೀನನ್ನು ಅನ್ನದ ಮೇಲೆ ಇಟ್ಟಳು. ಯಾರ ಮೇಲೂ ದೂರಿರಲಿಲ್ಲ. ಪೇಟೆಯಲ್ಲಿ ಗಾಜಿನ ಪೆಟ್ಟಿಗೆ ಕಂಡರೆ ಮಾತ್ರ ನಿಂತು, ಒಳಗಿನ ಗೊಂಬೆಯ ಕಂಕುಳು ನೋಡುತ್ತಿದ್ದಳು. ಕರಡಿಯಾಗಲಿ ಮೊಲವಾಗಲಿ, ತೋಳು ಅವಳು ಕತ್ತರಿಸಿದ ಹಾಗೇ ಚಾಚಿರುತ್ತಿತ್ತು. ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಈಗ ಒಂದು ಪುಸ್ತಕ ಬರುತ್ತಿದೆ, ಅದರಲ್ಲಿಯೂ ಇಲ್ಲದಿದ್ದರೆ ಇನ್ನೆಲ್ಲಿಯೂ ಬರುವುದಿಲ್ಲ.

ಆ ಬುಧವಾರ ಮಸುಜೊ ಮಧ್ಯಾಹ್ನ ಒಂದು ಗಂಟೆಗೆ ಬಂದ. ಚೀಲ ನೋಡಿದ. ಎತ್ತಿ ನೋಡಿದ. ತಕ್ಷಣ ಕೆಳಗಿಟ್ಟ.

"ಯಾರ್ ತಂದಿದ್ದು?"

"ನಿಮ್ಮ ಕಂಪನಿಯವರು."

"ಏನ್ ಕೇಳಿದ್ರು? ನೀನೇನು ಹೇಳ್ದೆ?"

"ಮೊದಲ ಗೊಂಬೆ ಬಗ್ಗೆ ಕೇಳಿದ್ರು. ನಾನೇನೂ ಹೇಳ್ಲಿಲ್ಲ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ."

"ಹಳೇ ವಿಷಯ ಯಾಕೆ ಕೆದಕ್ತಾರೋ. ಇದನ್ನ ವಾಪಸ್ ಕಳಿಸ್ಬಿಡು. ಮೈ ಹುಷಾರಿಲ್ಲ ಅಂತ ಹೇಳು."

ಸಕ್ಕರೆ ಕಾಯಿಲೆಯ ಡಾಕ್ಟರು ಬೇಡವೆಂದ ಮೇಲೂ ಕಪಾಟಿನ ಹಿಂದೆ ಕೈ ಹಾಕಿ ಸಿಹಿ ಹುಡುಕುವ ಗಂಡಸು, ಯೋಕಾನಿನಿಂದ ದೂರ ಸರಿದು ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಎಂದು ಕಿನುಯೆ ನೋಡಿದಳು. ಕಂಪನಿ ತಪ್ಪು ಮಾಡಿದ್ದರೆ ಬೆವರಬೇಕಾದದ್ದು ಕಂಪನಿ. ಇವರು ಯಾಕೆ? ಆ ಹೊತ್ತಿನಿಂದ ಅವಳ ಅನುಮಾನ ಎತ್ತರದ ಕಟ್ಟಡದಿಂದ ಇಳಿದು ಬಂದು ಬಿಸಿಮೇಜಿನ ಎದುರು ಬದಿಯಲ್ಲಿ ಕೂತಿತು.

ಗುರುವಾರ ತೊಕಿತಾ ಬಂದಳು. ಬಂದವಳೇ ಹಣೆ ಚಾಪೆಗೆ ತಾಗುವಷ್ಟು ಬಗ್ಗಿದಳು.

"ನಿನ್ನೆ ಯೋಕಾನ್ ತಂದಿದ್ದಕ್ಕೆ ನಮ್ಮ ಮುಖ್ಯಸ್ಥರ ಹತ್ರ ಬೈಸ್ಕೊಂಡೆ. ಸಂತೋಷದ ವಿಷಯಕ್ಕೆ ಯಾರಾದ್ರೂ ಅದನ್ನ ತಗೊಂಡ್ಹೋಗ್ತಾರಾ, ಏನೋ ಅನಾಹುತ ಆಗಿದೆ ಅಂದ್ಕೊಳ್ಳಲ್ವಾ ಅಂದ್ರು. ನನಗೆ ಗೊತ್ತಿರ್ಲಿಲ್ಲ. ಸ್ಟೇಷನ್ ಹತ್ರ ಅದೊಂದೇ ಅಂಗಡಿ ತೆಗೆದಿತ್ತು."

"ಛೆ ಛೆ, ನಾವೇನೂ ಅಂದ್ಕೊಳ್ಲಿಲ್ಲ," ಎಂದು ಮಸುಜೊ ಜೋರಾಗಿ ನಕ್ಕ. ಬುಧವಾರದಿಂದ ಬಿಗಿದಿದ್ದ ಅವನ ಭುಜ ಇಳಿದದ್ದು ಕಿನುಯೆಗೆ ಕಂಡಿತು. ಕ್ಷಮೆ ಕೇಳಲು ಬಂದಿಲ್ಲ ಎಂದು ತಿಳಿದ ಮೇಲೆ ಇಷ್ಟು ಹಗುರಾಗುವವನಿಗೆ ಯಾವುದರ ಭಯವಿತ್ತು?

ಕಿನುಯೆ ಬಾಗಿಲ ಬಳಿ ಕೂತಳು. ಮಸುಜೊ ಅವಳನ್ನು ಕೂರಗೊಡಲಿಲ್ಲ.

"ಓಯ್, ಚಹಾ ತಣ್ಣಗಾಗಿದೆ."

ಐವತ್ತೊಂದು ವರ್ಷ ಅವಳನ್ನು ಕರೆದದ್ದು ಆ ಒಂದೇ ಸದ್ದಿನಿಂದ. ಬಿಸಿನೀರು ತಂದಳು.

"ಓಯ್, ಬಟ್ಟೆ ಒಳಗೆ ತಗೋ. ಮೋಡ ಆಗಿದೆ."

ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಅವಳು ಎದ್ದು ಹೋಗಿ, ಬಟ್ಟೆ ಮುಟ್ಟದೆ, ಜಾರುಬಾಗಿಲ ಹಿಂದೆ ನಿಂತಳು. ಹೆಚ್ಚೇನೂ ಕೇಳಿಸಲಿಲ್ಲ. ಮಸುಜೊ "ಹೌದು, ಹಾಗೇ," ಎಂದ, ಹುಡುಗಿ ಪುಟ ತಿರುಗಿಸಿದಳು, ಅವನು ಮತ್ತೆ "ಹೌದು" ಎಂದ. ಕೊನೆಗೆ ತೊಕಿತಾ ದನಿ ಸ್ಪಷ್ಟವಾಗಿ ಬಂತು: "ಶನಿವಾರ ಫೋಟೋಗ್ರಾಫರ್ ಕರ್ಕೊಂಡ್ ಬರ್ತೀನಿ. ಆ ದಿನದ ಹಾಗೇ ಬಟ್ಟೆ ಕತ್ತರಿಸ್ತಿರೋ ಚಿತ್ರ ಒಂದು ಬೇಕು. ಕರಡಚ್ಚು ಇಲ್ಲೇ ಬಿಟ್ಟಿರ್ತೀನಿ, ಓದಿ ನೋಡಿ."

ಕರಡಚ್ಚನ್ನು ಮಸುಜೊ ಬಚ್ಚಿಟ್ಟ. ಐವತ್ತು ವರ್ಷ ತಾನು ಒಂದು ದಿನವೂ ಗುಡಿಸದ ಮನೆಯಲ್ಲಿ ಗಂಡಸು ಏನನ್ನು ಎಲ್ಲಿ ಬಚ್ಚಿಡಬಲ್ಲ? ಅವನು ಸ್ನಾನಕ್ಕೆ ಹೋದಾಗ ಅವಳು ಹುಡುಕುವ ಮಾತೇ ಬರಲಿಲ್ಲ. ದೇವರ ಪೆಟ್ಟಿಗೆಯ ಕೆಳಗಿನ ಊದುಬತ್ತಿಯ ಖಾನೆ ಪೂರ್ತಿ ಮುಚ್ಚಿರಲಿಲ್ಲ.

ಎರಡು ಪುಟ. ತಲೆಬರಹದ ಕೆಳಗೆ ಮಸುಜೊನ ಮೂವತ್ತರ ಹರೆಯದ ಫೋಟೊ. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಮೊದಲ ಗೊಂಬೆಯನ್ನು ರೂಪಿಸಿದವರು ತಂತ್ರಜ್ಞ ಒಗಿಹಾರಾ ಮಸುಜೊ. ಅದಕ್ಕೆ ಆ ವರ್ಷದ ನೌಕರರ ಸಲಹಾ ಬಹುಮಾನ ಪಡೆದವರು ಒಗಿಹಾರಾ ಮಸುಜೊ. ಬುಧವಾರದಿಂದ ಇಷ್ಟನ್ನು ಅವಳು ಊಹಿಸಿಯೇ ಇದ್ದಳು. ಮುಂದಿನ ಸಾಲಿನಲ್ಲಿ ಕಣ್ಣು ನಿಂತಿತು. "ಪುಟ್ಟ ಮಗಳನ್ನು ಸ್ನಾನದ ತೊಟ್ಟಿಯಿಂದ ಕಂಕುಳು ಹಿಡಿದು ಎತ್ತುತ್ತಿದ್ದಾಗ ಈ ಉಪಾಯ ಹೊಳೆಯಿತು ಎಂದು ಒಗಿಹಾರಾ ನೆನೆಯುತ್ತಾರೆ."

ಮಗಳಿಗೆ ಏಳು ತುಂಬುವವರೆಗೆ ಮಸುಜೊ ಒಂದು ದಿನ ಒಂದು ಸಲ ಅವಳನ್ನು ತೊಟ್ಟಿಯಿಂದ ಎತ್ತಿದವನಲ್ಲ. ಮೊದಲ ಬಿಸಿನೀರು ಅವನದು; ಅವನು ಎದ್ದು ಬಂದು ಬಿಯರ್ ಕುಡಿಯುವಾಗ ತಾಯಿ ಮಗಳು ಇಳಿಯುತ್ತಿದ್ದರು.

ಪುಟದ ಕೊನೆಗೆ ಇನ್ನೊಂದು ಸಾಲಿತ್ತು: "ಆ ದಿನಗಳ ಮಡದಿಯರ ಒಳಮನೆಯ ನೆರವನ್ನು ಕಂಪನಿ ಎಂದೂ ಮರೆಯದು." ಮಾಲೀಕನ ಹೆಂಡತಿಯ ಅನ್ನ, ಎಂಟು ಹಗ್ಗದ ಎಣ್ಣೆಬಟ್ಟೆ, ಏಳು ಹೆಂಗಸರ ಸೂಜಿ, ಎಲ್ಲವೂ ಅದರೊಳಗೆ. ಅವಳು ಕಾಗದವನ್ನು ಇದ್ದ ಹಾಗೇ ಇಟ್ಟು ಖಾನೆಯನ್ನು ಇದ್ದಷ್ಟೇ ಮುಚ್ಚಿದಳು.

ಶುಕ್ರವಾರ ಬೆಳಿಗ್ಗೆ ಸಾರು ಬಡಿಸುವಾಗ ಮಸುಜೊ ತಾನಾಗಿ ಬಾಯಿಬಿಟ್ಟ.

"ಓಯ್. ನಾಳೆ ಫೋಟೋಕ್ಕೆ ಆ ನೀರುನಾಯಿ ಮಾದರಿ ಕಾಗದ ಕತ್ತರಿಸಿಡು. ಬಟ್ಟೇನೂ ಅರ್ಧ ಕತ್ತರಿಸಿಟ್ಬಿಡು. ನಾನು ಕತ್ತರಿ ಹಿಡ್ಕೊಂಡು ಕೂತ್ರೆ ಸಾಕಂತೆ."

"ಕರಡಚ್ಚು ಓದಿದೆ."

ಅವನ ಊಟದ ಕಡ್ಡಿ ನಿಂತಿತು. ತಟ್ಟೆಯ ಮೂಲಂಗಿಯನ್ನೇ ನೋಡಿದ.

"ಆ ಸಲಹೆ ಅರ್ಜೀಲಿ ನೌಕರನ ಹೆಸರು, ನೌಕರನ ನಂಬರು ಅಂತ ಎರಡೇ ಜಾಗ ಇತ್ತು. ನಿನಗೆ ನಂಬರಿಲ್ಲ. ಯಾರದ್ದು ಅಂತ ಬರೀಲಿ ನಾನು?"

"ಸರಿ. ಆಮೇಲೆ?"

"ಆಮೇಲೆ ಎಲ್ರೂ ಚಪ್ಪಾಳೆ ಹೊಡೆದ್ರು. ಅಲ್ಲಿ ನಿಂತ್ಕೊಂಡು ಅಲ್ಲ ಅನ್ನೋಕಾಗುತ್ತಾ. ಆಮೇಲೆ ವರ್ಷ ಆಯ್ತು. ಆಮೇಲೆ ಹತ್ತು ವರ್ಷ ಆಯ್ತು."

"ಮಗೂನ ತೊಟ್ಟಿಯಿಂದ ಎತ್ತಿದ್ದು ನೀವಾ? ಅದಕ್ಕೂ ನಂಬರು ಬೇಕಿತ್ತಾ?"

ಮಸುಜೊ ಸಾರಿನ ಬಟ್ಟಲನ್ನು ಬಾಯಿಗೆ ಅಡ್ಡ ಹಿಡಿದ. "ಹೆಂಗೆ ಹೊಳೀತು ಅಂತ ಪತ್ರಿಕೆಯವರು ಕೇಳಿದ್ರು. ನೀನು ಹೇಳಿದ್ದೇ ಬಾಯಿಗೆ ಬಂತು. ಈಗ ಈ ವಯಸ್ಸಲ್ಲಿ ನನ್ನ ಮಾನ ಕಳೀಬೇಡ. ಕತ್ತರಿಸಿಡು, ಅಷ್ಟೇ."

ಅವಳು ಒಪ್ಪಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಪಾತ್ರೆ ತೊಳೆದಳು. ಮಸುಜೊ ಅದನ್ನು ಒಪ್ಪಿಗೆ ಎಂದು ತಿಳಿದ. ಅವನ ಕಾಲುಚೀಲ, ಪಿಂಚಣಿ ಅರ್ಜಿ, ಅವನ ತಂಗಿಯ ಮದುವೆಯ ಭಾಷಣ, ಯಾವುದನ್ನು ಕೇಳಿದರೂ ಮರುದಿನ ಬೆಳಿಗ್ಗೆ ಸಿದ್ಧವಾಗಿರುತ್ತಿತ್ತಲ್ಲ.

ಶನಿವಾರ ಹತ್ತು ಗಂಟೆಗೆ ತೊಕಿತಾ, ಜೊತೆಗೆ ಕ್ಯಾಮೆರಾ ಹೊತ್ತ ಒಬ್ಬ ಗಂಡಸು. ಬಿಸಿಮೇಜಿನ ಮೇಲೆ ಕಂದು ಫ್ಲಾನಲ್ ಮಡಿಸಿ ಇಟ್ಟಿತ್ತು, ಪಕ್ಕದಲ್ಲಿ ಕತ್ತರಿ. ಮಸುಜೊ ಟೈ ಕಟ್ಟಿಕೊಂಡು ಬಂದು ಕೂತು ಬಟ್ಟೆಯ ಮಡಿಕೆ ಬಿಡಿಸಿದ. ಒಳಗೆ ಏನೂ ಇರಲಿಲ್ಲ. ಮಾದರಿ ಕಾಗದವಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ, ಅಂಗಡಿಯಿಂದ ತಂದಷ್ಟು ಇಡಿಯಾದ ಬಟ್ಟೆ. ಅವನು ಕಿನುಯೆಯ ಕಡೆ ನೋಡಿದ. ಅವಳು ಬಾಗಿಲ ಬಳಿ ಮೊಣಕಾಲೂರಿ, ತೊಡೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ಸುಮ್ನೆ ಕತ್ತರಿಸ್ತಾ ಇರಿ, ನಾನು ತೆಗೀತಾ ಹೋಗ್ತೀನಿ," ಎಂದ ಕ್ಯಾಮೆರಾದವನು.

ಮಸುಜೊ ಕತ್ತರಿ ಹಿಡಿದ, ತಂತಿ ಕತ್ತರಿಸುವ ಇಕ್ಕಳ ಹಿಡಿದ ಹಾಗೆ. ಒಂದು ಕಡೆಯಿಂದ ಶುರು ಮಾಡಿ ದುಂಡಗೆ ತಿರುಗಿಸಿದ. ಟರ್ನಿಪ್ ಗಡ್ಡೆಯಂಥದ್ದೊಂದು ಬಂತು. ಕ್ಯಾಮೆರಾ ನಾಲ್ಕು ಸಲ ಕ್ಲಿಕ್ಕಿಸಿ ನಿಂತಿತು.

"ಒಗಿಹಾರಾ ಸಾನ್," ತೊಕಿತಾ ಮೆಲ್ಲಗೆ ಕೇಳಿದಳು, "ಇದರಲ್ಲಿ ಕಂಕುಳು ಎಲ್ಲಿ ಬರುತ್ತೆ?"

"ಓಯ್..." ಎಂದ ಮಸುಜೊ.

ಕಿನುಯೆ ಏಳಲಿಲ್ಲ. ಕೆಟಲಿನ ನೀರು ಕುದಿಯುತ್ತಿತ್ತು, ಅದಕ್ಕೂ ಏಳಲಿಲ್ಲ.

ಮಸುಜೊ ಕತ್ತರಿಯನ್ನು ಮೇಜಿನ ಮೇಲಿಟ್ಟ. "ನನಗೆ ಗೊತ್ತಿಲ್ಲ," ಎಂದ. "ಇವಳಿಗೆ ಗೊತ್ತು."

"ನಲವತ್ತೈದು ವರ್ಷ ಆಯ್ತಲ್ಲ, ಮರೆತಿರುತ್ತೆ," ಎಂದು ತೊಕಿತಾ ಗಡಿಬಿಡಿಯಲ್ಲಿ ಹೇಳಿದಳು. ಮಸುಜೊನ ತಲೆ ಹೌದೆನ್ನಲು ಅರ್ಧ ಬಗ್ಗಿತ್ತು.

"ಮರೆತಿಲ್ಲ," ಎಂದಳು ಕಿನುಯೆ. "ಗೊತ್ತಿದ್ರೆ ತಾನೇ ಮರೆಯೋದು."

ಅವಳು ಮೇಜಿನ ಬಳಿ ಬಂದಳು. ಮಸುಜೊ ಸರಿದು ಜಾಗ ಬಿಟ್ಟ. ಗಡ್ಡೆಯನ್ನು ಪಕ್ಕಕ್ಕಿಟ್ಟು ಉಳಿದ ಬಟ್ಟೆಯನ್ನು ಎರಡಾಗಿ ಮಡಿಸಿದಳು, ಮಾದರಿ ಕಾಗದವಿಲ್ಲದೆ, ಗೆರೆಯಿಲ್ಲದೆ ಕತ್ತರಿ ಇಳಿಸಿದಳು. ತಲೆ, ಕತ್ತು, ಕತ್ತಿನಿಂದ ಎರಡು ಬೆರಳು ಕೆಳಗೆ ಬಟ್ಟೆಯನ್ನು ತಿರುಗಿಸಿ ತೋಳು, ತೋಳಿನ ಕೆಳಗೆ ಒಳಕ್ಕೊಂದು ಆಳವಾದ ಕಚ್ಚು. ಬಿಡಿಸಿ ಹಿಡಿದಾಗ ನೀರುನಾಯಿ ಮರಿಯೊಂದು ಕೈ ಚಾಚಿತ್ತು. ಕ್ಯಾಮೆರಾದವನು ಯಾರ ಅಪ್ಪಣೆಗೂ ಕಾಯಲಿಲ್ಲ.

"ಹಾಗಾದ್ರೆ..." ತೊಕಿತಾ ಮಾತು ಹುಡುಕಿದಳು. "ಒಕುಸಾನ್, ಪುಟಗಳಿಗೆ ನಿರ್ದೇಶಕರ ಒಪ್ಪಿಗೆ ಆಗ್ಬಿಟ್ಟಿದೆ. ಮನೆಯವರೂ ಸಹಾಯ ಮಾಡಿದ್ರು ಅಂತ ಒಂದು ಮಾತು ಸೇರಿಸಬಹುದು ಅನ್ಸುತ್ತೆ..."

ಕಿನುಯೆ ಅವಳ ಮುಖವನ್ನೇ ನೋಡಿದಳು. ಕೆಟ್ಟ ಹುಡುಗಿಯಲ್ಲ. ಕೆಟ್ಟ ಹುಡುಗಿಯಲ್ಲದವರೇ ಇಂಥ ಮಾತು ಹೇಳಲು ಬರುತ್ತಾರೆ.

"ಸಹಾಯ ಅಲ್ಲ. ತಿದ್ದೋಕೆ ಆಗುತ್ತಾ ಇಲ್ವಾ, ಅಷ್ಟು ಹೇಳು."

"ಆಗುತ್ತೆ. ಸಂಬಂಧಪಟ್ಟವರು ಹೆಸರಿನ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಬರೆದು, ಅವರ ಮುದ್ರೆ ಒತ್ತಿದ್ರೆ ನಾವು ಬದಲಾಯಿಸ್ಲೇಬೇಕು. ಅದು ನಿಯಮ. ಸಂಬಂಧಪಟ್ಟವರು ಅಂದ್ರೆ..."

ಎಲ್ಲರೂ ಮಸುಜೊನ ಕಡೆ ನೋಡಿದರು.

ಸಹಿಯ ಜಾಗದಲ್ಲಿ ಒತ್ತುವ ಮಸುಜೊನ ಹೆಸರಿನ ಮುದ್ರೆ ಕಪಾಟಿನಲ್ಲಿ, ಕಿನುಯೆಯ ಸೂಜಿಪೆಟ್ಟಿಗೆಯ ಪಕ್ಕ. ಮಗಳ ಶಾಲೆಯ ಅರ್ಜಿಗೆ, ವಾರ್ಡ್ ಕಚೇರಿಗೆ, ಪಾರ್ಸೆಲ್ ತಂದವನಿಗೆ ಅದನ್ನು ಒತ್ತಿದವಳು ಅವಳೇ. ಇವತ್ತೂ ಒತ್ತಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಮುದ್ರೆಯನ್ನೂ ಕೆಂಪು ಶಾಯಿಯ ಡಬ್ಬಿಯನ್ನೂ ತಂದು ಗಂಡನ ಮುಂದೆ ಇಟ್ಟಳು. ಊದುಬತ್ತಿಯ ಖಾನೆಯಿಂದ ಪುಟಗಳನ್ನು ತಂದು ಪಕ್ಕದಲ್ಲಿ ಹರಡಿದಳು.

"ನೀನೇ ಒತ್ಬಿಡು," ಎಂದ ಮಸುಜೊ, ಗಂಟಲೊಳಗೆ.

"ಇವತ್ತು ನಾನು ಒತ್ತಲ್ಲ."

ತೊಕಿತಾ ಮೊಣಕಾಲ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದಳು. ಮಸುಜೊ ಒಮ್ಮೆ ಕ್ಯಾಮೆರಾದವನನ್ನು ನೋಡಿದ, ಒಮ್ಮೆ ಫ್ಲಾನಲ್ ಮರಿಯನ್ನು. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು ತನ್ನ ಹೆಸರಿನ ಮೇಲೆ ಎರಡು ಗೆರೆ ಎಳೆದ. ತೊಟ್ಟಿಯ ಸಾಲಿಗೆ ಬಂದಾಗ ಅಲ್ಲಿ ಸ್ವಲ್ಪ ಹೊತ್ತು ನಿಂತು, ಅದಕ್ಕೂ ಎಳೆದ. ಪಕ್ಕದಲ್ಲಿ ಹೆಂಡತಿಯ ಹೆಸರು ಬರೆದ. ಮುದ್ರೆಯನ್ನು ಶಾಯಿಗೆ ಒತ್ತಿ ಕಾಗದದ ಮೇಲೆ ಇಟ್ಟ. ಅಭ್ಯಾಸವಿಲ್ಲದ ಕೈ, ಅರ್ಧ ಮೂಡಿತು.

"ಮಸುಕಾಗಿದೆ. ಇದಕ್ಕೆ ಅವರು ಆಗಲ್ಲ ಅಂದಾರು," ಎಂದಳು ಕಿನುಯೆ. "ಇನ್ನೊಂದು ಸಲ. ಕೆಳಗೆ ಮೆತ್ತಗಿನದು ಏನಾದ್ರೂ ಇಟ್ಕೊಳ್ಳಿ."

ಅವನು ತಾನು ಕತ್ತರಿಸಿದ ಗಡ್ಡೆಯನ್ನು ಕಾಗದದ ಕೆಳಗೆ ಇಟ್ಟುಕೊಂಡು ಒತ್ತಿದ. ಸರಿಯಾಗಿ ಮೂಡಿತು.

ಕಿನುಯೆ ಪೆನ್ಸಿಲ್ ತೆಗೆದುಕೊಂಡು ಶಿಗೆನೊಳಿಂದ ಶುರುಮಾಡಿ ಉಳಿದ ಆರು ಹೆಂಗಸರ ಹೆಸರು ಬರೆಯತೊಡಗಿದಳು.

"ಒಕುಸಾನ್, ಅಷ್ಟಕ್ಕೆ ಪುಟದಲ್ಲಿ ಜಾಗ ಇಲ್ಲ."

"ಒಳಮನೆಯ ನೆರವು ಅಂತ ಒಂದು ಸಾಲಿದೆಯಲ್ಲ, ಅದನ್ನ ತೆಗೆದುಹಾಕಿ. ಜಾಗ ಆಗುತ್ತೆ."

ಕ್ಯಾಮೆರಾದವನಿಗೆ ಕೆಮ್ಮು ಬಂತು. ತೊಕಿತಾ ಸಾಲನ್ನು ಬೆರಳಿನಿಂದ ಅಳೆದು ನೋಡಿ, ಆಗಬಹುದು ಎಂದಳು. ಹಿಂದಿನ ಬಹುಮಾನಗಳ ಪಟ್ಟಿಯಲ್ಲಿ ಮಾತ್ರ ಮಸುಜೊನ ಹೆಸರು ಹಾಗೇ ಉಳಿಯುತ್ತದೆ, ಅದು ಆಗಿನ ದಾಖಲೆ ಎಂದೂ ಹೇಳಿದಳು.

"ಉಳೀಲಿ. ನಂಬರು ಅವರದ್ದೇ ತಾನೇ."

ತೊಕಿತಾ ಪುಟಗಳನ್ನು ಫೈಲಿಗೆ ಹಾಕಲು ಕೈ ಚಾಚಿದಳು. ಕಿನುಯೆ ಬಿಡಲಿಲ್ಲ.

"ಮೊದಲು ಪ್ರತಿ ತೆಗೀಬೇಕು. ಮೂಲೆ ಅಂಗಡೀಲಿ ಯಂತ್ರ ಇದೆ."

"ಕೊಡು, ನಾನ್ ಹೋಗ್ಬರ್ತೀನಿ," ಎಂದು ಮಸುಜೊ ಎದ್ದ.

"ಬೇಡ. ನೀವು ಕೂತಿರಿ."

"ನಾನು ತೆಗೆಸ್ಕೊಂಡು ಬರ್ಲಾ?" ಎಂದಳು ತೊಕಿತಾ.

"ನೀನೂ ಬೇಡ, ಕೂತಿರು. ಚಹಾ ಅವರು ಮಾಡ್ತಾರೆ."

ಪುಟಗಳನ್ನು ಏಪ್ರನ್ನಿನ ಎದೆಯೊಳಗೆ ಇಟ್ಟುಕೊಂಡು ಅವಳು ಓಣಿಗೆ ಇಳಿದಳು. ಶಿಗೆನೊ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದಳು.

"ಎಲ್ಲಿಗೆ? ಮನೆ ತುಂಬ ನೆಂಟರು."

"ನಿನ್ನ ಹೆಸರು ಪುಸ್ತಕದಲ್ಲಿ ಹಾಕಿಸ್ತಿದೀನಿ."

"ಹಾಕ್ತಾರಾ?"

"ಹಾಕ್ತೀವಿ ಅಂತಾರೆ."

ಅಂಗಡಿಯ ಮೂಲೆಯಲ್ಲಿ ಯಂತ್ರದ ಮುಚ್ಚಳ ಎತ್ತಿ ಕಾಗದವನ್ನು ಅಂಚಿಗೆ ಸರಿಯಾಗಿ ಜೋಡಿಸಿದಳು, ಮುಚ್ಚಿದಳು, ನಾಣ್ಯ ಹಾಕಿದಳು. ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವರೆಗೂ ಮುಚ್ಚಳದ ಮೇಲಿಂದ ಕೈ ತೆಗೆಯಲಿಲ್ಲ. ಬೆಚ್ಚಗಿನ ಹಾಳೆ ಹೊರಬಂತು. ಎರಡು ಗೆರೆ, ಮುದ್ರೆ, ಒಗಿಹಾರಾ ಕಿನುಯೆ, ಕೆಳಗೆ ಆರು ಹೆಸರು, ಎಲ್ಲವೂ ಬಂದಿದ್ದವು. ಅವಳು ಅದನ್ನು ಮೂಲದ ಪಕ್ಕದಲ್ಲಿ ಹಿಡಿದು ಒಂದೊಂದಾಗಿ ತಾಳೆ ನೋಡಿದಳು. ಆಮೇಲೆ ಇನ್ನೊಂದು ನಾಣ್ಯ ಹಾಕಿ ಇನ್ನೊಂದು ಪ್ರತಿ ತೆಗೆದಳು. ಒಂದನ್ನು ಶಿಗೆನೊಳ ಮನೆಯಲ್ಲಿ ಇಡಬೇಕು.